ತಾಂಡವಪುರದಲ್ಲಿ ಐದು ದಿನ

ಪ್ರವಾಸದ ಕಥೆಯೆಂದರೆ ಕಾಶಿಯದೋ ಕಾಶ್ಮೀರದ್ದೋ ಆಗಿರಬೇಕೆಂದು ಓದುಗರು ನಿರೀಕ್ಷಿಸುವುದು ಸಹಜವೇ. ನಾನು ಹೇಳಹೊರಟಿರುವ ಪ್ರಯಾಣವಾದರೋ, ಮೈಸೂರಿನಲ್ಲಿ ಕಾಫಿ ಕುಡಿದು ಹೊರಟವನಿಗೆ ಅದರ ರುಚಿ ನಾಲಗೆಯಿಂದ ಆರುವುದರೊಳಗೆ ಮುಗಿದುಹೋಗತಕ್ಕದ್ದು. ಚಾಮರಾಜನಗರದ ಕಡೆಗೆ ಹೋಗುವ ರೈಲಿನಲ್ಲಿ ಕುಳಿತರೆ ಚಾಮರಾಜಪುರಂ, ಅಶೋಕಪುರಂ, ಕಡಕೊಳಗಳಾದ ಮೇಲೆ ಸಿಕ್ಕುವ ಸಣ್ಣ ನಿಲ್ದಾಣವೇ ತಾಂಡವಪುರ. ನಂಜನಗೂಡಿಗೆ ಹೋಗುವ ಯಾತ್ರಿಕರು ಸಾಮಾನ್ಯವಾಗಿ ಇಲ್ಲಿ ಕಿಟಕಿಯಿಂದ ಹೊರಗೆ ಸಹ ನೋಡುವುದಿಲ್ಲ. ಅವರ ಮನಸ್ಸೆಲ್ಲವೂ ಮುಂದಿರುವ ಶ್ರೀಕಂಠೇಶ್ವರನ ಗೋಪುರದ ಮೇಲೆ. ನನಗೆ ಮಾತ್ರ ಇದು ನಲವತ್ತು ವರ್ಷಗಳಿಂದ ಅಕ್ಕನ ಊರು.

ಈ ಸಲ ನಾನು ಹೊರಟದ್ದು ಹಬ್ಬಕ್ಕೂ ಅಲ್ಲ, ಮದುವೆಗೂ ಅಲ್ಲ. ಹಿಂದಿನ ಸಂಜೆ ಅಕ್ಕ ಫೋನು ಮಾಡಿದಳು. ಯೋಗಕ್ಷೇಮದ ಮಾತೊಂದೂ ಇಲ್ಲದೆ, "ನೀನು ಕೊಟ್ಟುಹೋದೆಯಲ್ಲ ಆ ಪುಸ್ತಕ, ಅದು ನಮ್ಮ ಮನೆಯ ಒಲೆಯನ್ನೇ ಆರಿಸಿಬಿಟ್ಟಿದೆ. ನಿಮ್ಮ ಭಾವ ಅನ್ನ ಮುಟ್ಟಿ ತಿಂಗಳಾಯಿತು. ಮಾತ್ರೆಗಳನ್ನೆಲ್ಲ ಗೂಡಿನಲ್ಲಿ ಇಟ್ಟಿದ್ದಾರೆ. ಕಾಲು ಊದಿಕೊಂಡಿದೆ. ನಾನು ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೀನೇ ಬಂದು ಹೇಳು. ಹಚ್ಚಿದವನು ನೀನೇ ಅಲ್ಲವೆ?" ಎಂದಳು.

ಆ ಪುಸ್ತಕದ ವೃತ್ತಾಂತವನ್ನು ಮರೆಮಾಡದೆ ಹೇಳಿಬಿಡುವುದು ಒಳ್ಳೆಯದು. ಹೋದ ವರ್ಷ ಯಾರೋ ನನ್ನ ಕೈಗೆ ಒಂದು ಕಿರುಹೊತ್ತಗೆಯನ್ನು ಕೊಟ್ಟಿದ್ದರು. ಅದರ ಸಾರಾಂಶ ಇಷ್ಟು: ಮನುಷ್ಯನ ಸಕಲ ವ್ಯಾಧಿಗಳಿಗೂ ಮೂಲವು ರಕ್ತವು ಹುಳಿಯಾಗುವುದು, ಅನ್ನ, ರಾಗಿ, ಬೇಳೆ, ಮೊಸರು ಇವು ರಕ್ತವನ್ನು ಹುಳಿಮಾಡತಕ್ಕವು, ಹಣ್ಣು, ಹಸಿ ತರಕಾರಿ, ಎಳನೀರು, ಸೋಡಾ ಬೆರೆಸಿದ ನೀರು ಇವು ಕ್ಷಾರವನ್ನು ಹೆಚ್ಚಿಸತಕ್ಕವು, ರಕ್ತವು ಕ್ಷಾರವಾದವನ ಬಳಿಗೆ ರೋಗವು ಸುಳಿಯದು. ನಾನು ಹತ್ತು ಪುಟ ಓದಿದೆನು; ಉಳಿದುದನ್ನು ಓದಲಿಲ್ಲ. ಅಕ್ಕನ ಮೊಮ್ಮಗನ ನಾಮಕರಣಕ್ಕೆ ಹೋದಾಗ ಭಾವನವರು ಎದೆಯುರಿ, ಹುಳಿತೇಗು ಎಂದು ಹೇಳಿಕೊಂಡರು. ಚೀಲದಲ್ಲಿದ್ದ ಹೊತ್ತಗೆಯನ್ನು ಅವರ ಕೈಗಿತ್ತು, "ಓದಿ ನೋಡಿ ಭಾವ. ನಮ್ಮ ಹಿಂದಿನವರು ಅಮ್ಲಪಿತ್ತ ಎಂದದ್ದೂ ಇದನ್ನೇ. ಮಾಧವನಿದಾನದಲ್ಲಿ ಅದಕ್ಕೆ ಒಂದು ಅಧ್ಯಾಯವೇ ಇದೆ" ಎಂದು ಗಂಭೀರವಾಗಿ ನುಡಿದೆನು. ಮೂವತ್ತು ವರ್ಷ ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಮೇಷ್ಟರ ಬಾಯಿಂದ ಸಂಸ್ಕೃತಗ್ರಂಥವೊಂದರ ಹೆಸರು ಬಂತೆಂದರೆ ನಮ್ಮ ಜನ ಮುಂದೆ ಪ್ರಶ್ನೆ ಕೇಳುವುದಿಲ್ಲ. ಅಮ್ಲಪಿತ್ತವು ಹೊಟ್ಟೆಯ ಮಾತು. ಹೊತ್ತಗೆಯದು ರಕ್ತದ ಮಾತು. ಎರಡಕ್ಕೂ ಗಂಟುಹಾಕಿದವನು ನಾನು.

ಆ ರಾತ್ರಿ ನಿದ್ರೆ ಬರಲಿಲ್ಲ. ಎದ್ದು ಚರಕಸಂಹಿತೆಯನ್ನು ತೆಗೆದೆನು. ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಆಚಾರ್ಯನು ಮೂರು ಪದಾರ್ಥಗಳನ್ನು ಹೆಸರಿಸಿ, ಇವನ್ನು ಮಿತಿಮೀರಿ ಸೇವಿಸಬಾರದೆಂದು ವಿಧಿಸಿದ್ದಾನೆ. ಮೊದಲನೆಯದು ಹಿಪ್ಪಲಿ, ಮೂರನೆಯದು ಉಪ್ಪು, ನಡುವಣದು ಕ್ಷಾರ! ಅತಿಯಾದ ಕ್ಷಾರವು ಕೂದಲು, ಕಣ್ಣು, ಹೃದಯ, ಪುರುಷಶಕ್ತಿ ಇವಕ್ಕೆ ಕೇಡೆಂದೂ ಅಲ್ಲಿಯೇ ಹೇಳಿದೆ. ಯಾವ ಶಾಸ್ತ್ರದ ಹೆಸರಿನಲ್ಲಿ ನಾನು ಆ ಹೊತ್ತಗೆಗೆ ಮುದ್ರೆಯೊತ್ತಿದ್ದೆನೋ ಆ ಶಾಸ್ತ್ರವೇ ಬೇಡವೆಂದದ್ದನ್ನು ನಾನು ನೋಡಿರಲಿಲ್ಲ. ಬೆಳಗಿನ ರೈಲಿಗೆ ಹೊರಟೆನು.

ಅಶೋಕಪುರಂ ದಾಟಿದ ಮೇಲೆ ಎಡಗಡೆ ಚಾಮುಂಡಿಬೆಟ್ಟವು ಬಹಳ ಹೊತ್ತು ಜೊತೆಯಲ್ಲಿಯೇ ಬರುತ್ತದೆ. ಎಳೆಯ ವಯಸ್ಸಿನಲ್ಲಿ ನಾವು ಅದರ ಸಾವಿರ ಮೆಟ್ಟಿಲುಗಳನ್ನು ಪಂಥಕಟ್ಟಿ ಓಡಿ ಹತ್ತುತ್ತಿದ್ದೆವು. ನಂದಿಯ ಬಳಿಗೆ ಬರುವಷ್ಟರಲ್ಲಿ ತೊಡೆ ಉರಿದು ಏದುಸಿರು ಬಿಡುತ್ತಿದ್ದೆವು. ಆ ಏದುಸಿರಿನ ಅರ್ಥ ಆಗ ತಿಳಿದಿರಲಿಲ್ಲ. ಅದನ್ನು ಮುಂದೆ ಹೇಳುವೆನು. ಬೆಟ್ಟವು ಹಿಂದಾದ ಮೇಲೆ ಮಂಡಕಳ್ಳಿಯ ವಿಮಾನ ನಿಲ್ದಾಣ, ಕಡಕೊಳದ ತೋಟಗಳು, ಅನಂತರ ತಾಂಡವಪುರ. ಊರಿನ ಹೆಸರನ್ನು ಕೇಳಿದವನು ಡಮರುವಿನ ಧ್ವನಿಯನ್ನು ನಿರೀಕ್ಷಿಸಿಯಾನು; ಈಗ ಇಲ್ಲಿ ಮೊದಲು ಕೇಳುವುದು ನೂಲಿನ ಗಿರಣಿಗಳ ಸದ್ದು. ಹೆದ್ದಾರಿಯ ಬದಿಯಲ್ಲಿ ಕಾರ್ಖಾನೆಗಳು ಎದ್ದಿವೆ. ನನ್ನೊಡನೆ ಇಳಿದ ತರುಣರೆಲ್ಲ ಊಟದ ಡಬ್ಬಿ ಹಿಡಿದು ಆ ಕಡೆಗೆ ಬಿರಬಿರನೆ ನಡೆದರು. ನಾನು ಈ ಕಡೆಗೆ, ತೆಂಗಿನ ಸಾಲು ಹಿಡಿದು, ಹಳೆಯ ಊರಿನ ದಾರಿಯಲ್ಲಿ ನಡೆದೆನು.

ಭಾವನವರು ಜಗುಲಿಯ ಮೇಲೆ ಕುಳಿತಿದ್ದರು. ಎಪ್ಪತ್ತು ದಾಟಿದ ರೈತ; ಹೋದ ವರ್ಷದವರೆಗೂ ಎರಡು ಮೈಲಿ ನಡೆದು ಗದ್ದೆಗೆ ಹೋಗಿಬರುತ್ತಿದ್ದವರು. ಈಗ ಮುಖ ಬಿಳಿಚಿ, ಪಾದಗಳು ಬೆರಳೊತ್ತಿದರೆ ಗುಳಿಬೀಳುವಂತೆ ಊದಿದ್ದುವು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ. ಎರಡು ವರ್ಷದ ಹಿಂದೆ ವೈದ್ಯರು ಮೂತ್ರಪಿಂಡಗಳು ಸ್ವಲ್ಪ ಸೋತಿವೆಯೆಂದು ಎಚ್ಚರಿಸಿದ್ದರು. ಆದರೂ ನನ್ನನ್ನು ಕಂಡು ನಕ್ಕು, "ಬನ್ನಿ ಮೇಷ್ಟ್ರೆ! ನಿಮ್ಮ ಶಿಷ್ಯನ ಸಾಧನೆ ನೋಡಿ" ಎಂದು ಜೇಬಿನಿಂದ ಒಂದು ಸುರುಳಿ ಕಾಗದವನ್ನು ತೆಗೆದರು. ಅದು ಬಣ್ಣ ಬದಲಿಸುವ ಪರೀಕ್ಷೆಯ ಕಾಗದ. ದಿನವೂ ಬೆಳಿಗ್ಗೆ ಮೂತ್ರದಲ್ಲಿ ಅದ್ದಿ, ಬಣ್ಣವನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡುತ್ತಿದ್ದರು. "ತಿಂಗಳ ಹಿಂದೆ ಹಳದಿ, ಈಗ ನೀಲಿ. ರಕ್ತ ಕ್ಷಾರವಾಗಿದೆ. ಹುಳಿತೇಗೂ ಕಡಿಮೆ. ಇನ್ನು ಮಾತ್ರೆ ಯಾತಕ್ಕೆ?" ಎಂದರು.

ಅವರ ದಿನಚರಿ ಕೇಳಿ ನನಗೆ ದಿಗಿಲಾಯಿತು. ಬೆಳಿಗ್ಗೆ ಒಂದು ಚಮಚ ಅಡುಗೆ ಸೋಡಾ ನೀರಿನಲ್ಲಿ, ಸಂಜೆ ಮತ್ತೊಂದು. ದಿನಕ್ಕೆ ಮೂರು ಎಳನೀರು, ಆರೆಂಟು ರಸಬಾಳೆ, ಸೊಪ್ಪಿನ ಹಸಿ ರಸ. ಮುದ್ದೆ ಇಲ್ಲ, ಹುಳಿ ಇಲ್ಲ, ಮಜ್ಜಿಗೆ ಇಲ್ಲ. ಅಕ್ಕ ತನಗಾಗಿ ಮಾಡಿದ ಸಾರನ್ನು ಒಬ್ಬಳೇ ಉಣ್ಣಲಾರದೆ ಅರ್ಧ ಹಸುವಿನ ಬಾನಿಗೆ ಸುರಿಯುತ್ತಿದ್ದಳು.

ಸಂಜೆ ಅವರೊಡನೆ ಮೆಲ್ಲಗೆ ತೋಟದವರೆಗೆ ನಡೆದೆನು. ನಾಲೆಯ ತಗ್ಗಿನ ಗದ್ದೆಯನ್ನು ತೋರಿಸಿ ಅವರು ಹೇಳಿದರು: "ಇದು ನೆನಪಿದೆಯೆ? ಇಪ್ಪತ್ತು ವರ್ಷದ ಹಿಂದೆ ಚೌಳು ಹತ್ತಿ ಬೆಳ್ಳಗೆ ಉಪ್ಪು ಹೂತಿತ್ತು. ಬತ್ತ ಇಟ್ಟರೆ ಕರಕಲು. ಬಸಿಗಾಲುವೆ ತೋಡಿ, ಜಿಪ್ಸಂ ಹಾಕಿ, ಹಸುರೆಲೆ ಗೊಬ್ಬರ ತುಳಿದು ಸರಿಮಾಡಿದೆ. ನೆಲಕ್ಕೆ ಏನು ಹಾಕುತ್ತೇವೋ ನೆಲ ಹಾಗಾಗುತ್ತದೆ. ಮೈಯೂ ಹಾಗೆಯೇ ಅಲ್ಲವೆ?"

"ಆದರೆ ಭಾವ, ನಿಮ್ಮ ಗದ್ದೆಗೆ ರೋಗವಾಗಿದ್ದದ್ದು ಹುಳಿಯಲ್ಲ, ಕ್ಷಾರ" ಎಂದೆನು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಸರಿಯೇ" ಎಂದರು. ಅಷ್ಟನ್ನೇ ಹಿಡಿದುಕೊಂಡು, ಮರುದಿನ ನಂಜನಗೂಡಿಗೆ ನನ್ನೊಡನೆ ಬಂದು ಒಮ್ಮೆ ರಕ್ತವನ್ನೇ ಪರೀಕ್ಷೆ ಮಾಡಿಸಬೇಕೆಂದು ಕೇಳಿಕೊಂಡೆನು. "ಕಾಗದ ಹೇಳಿದ್ದನ್ನೇ ರಕ್ತವೂ ಹೇಳಿದರೆ ನಾನು ಸೋತೆ" ಎಂದೆನು. ಪಂಥವೆಂದರೆ ಅವರಿಗೆ ಮೊದಲಿನಿಂದಲೂ ಇಷ್ಟ, ಒಪ್ಪಿದರು.

ಬೆಳಿಗ್ಗೆ ಬಸ್ಸಿನಲ್ಲಿ ಹೋದೆವು. ವೈದ್ಯರು ವಯಸ್ಸಿನಲ್ಲಿ ನನ್ನ ಕಡೆಯ ತಂಡದ ವಿದ್ಯಾರ್ಥಿನಿಯರಷ್ಟಿರಬಹುದು. ಊದಿದ ಪಾದವನ್ನೂ ರಕ್ತದೊತ್ತಡವನ್ನೂ ನೋಡಿ, ಎಳನೀರು ಸೋಡಾಗಳ ಕಥೆಯನ್ನು ಕೇಳಿ, ಅವರ ಮುಖ ಗಂಭೀರವಾಯಿತು. ರಕ್ತ ತೆಗೆದು, ಇ.ಸಿ.ಜಿ. ಮಾಡಿಸಿ, "ಎರಡು ಗಂಟೆ ಬಿಟ್ಟು ಬನ್ನಿ, ಊರಿಗೆ ಮಾತ್ರ ಹೋಗಬೇಡಿ" ಎಂದರು.

ನಂಜನಗೂಡಿನಲ್ಲಿ ಎರಡು ಗಂಟೆ ಕಳೆಯಬೇಕಾದವನಿಗೆ ದೇವಾಲಯವಲ್ಲದೆ ಬೇರೆ ದಿಕ್ಕಿಲ್ಲ. ಏಳು ನೆಲೆಯ, ಸುಮಾರು 120 ಅಡಿ ಎತ್ತರದ ಗೋಪುರದ ಕೆಳಗೆ ಜನಸಂದಣಿ ಎಂದಿನಂತೆ ಇತ್ತು. ಮುಡಿಕೊಟ್ಟು ಕಪಿಲೆಯಲ್ಲಿ ಮಿಂದು ಬಂದ ಮಕ್ಕಳು, ಉರುಳುಸೇವೆಯ ಹರಕೆ ಹೊತ್ತವರು, ಮಗನ ಕಾಯಿಲೆಗಾಗಿ ಬಂದ ತಾಯಂದಿರು. ಈ ದೇವರಿಗೆ ರೋಗಿಗಳೇ ಭಕ್ತರು. ಟಿಪ್ಪು ಸುಲ್ತಾನನು ತನ್ನ ಪಟ್ಟದಾನೆಯ ಕಣ್ಣು ಇಲ್ಲಿ ಗುಣವಾಯಿತೆಂದು ಪಚ್ಚೆಯ ಲಿಂಗವನ್ನು ಅರ್ಪಿಸಿ, ಸ್ವಾಮಿಯನ್ನು ಹಕೀಂ ನಂಜುಂಡನೆಂದು ಕರೆದನೆಂಬ ಪ್ರತೀತಿ ಊರಿನ ಪ್ರತಿಯೊಂದು ಬಾಯಲ್ಲಿಯೂ ಇದೆ. ನಂಜು ಎಂಬ ಮಾತಿಗೆ ವಿಷವೆಂದು ಅರ್ಥ. ಆದರೆ ನಮ್ಮ ಹಳ್ಳಿಗಳಲ್ಲಿ ಗಾಯವಿದ್ದವನಿಗೆ ಬದನೆಕಾಯಿ ನಂಜು ಎನ್ನುವಾಗ ಆ ಮಾತಿಗೆ ಮತ್ತೊಂದು ಅರ್ಥವಿದೆ: ಆ ಪದಾರ್ಥ ಆ ಮನುಷ್ಯನಿಗೆ ಆ ಹೊತ್ತಿನಲ್ಲಿ ಒಗ್ಗದು ಎಂದು. ಒಬ್ಬನ ಊಟ ಮತ್ತೊಬ್ಬನಿಗೆ ನಂಜಾಗಬಹುದೆಂಬ ಈ ವಿವೇಕವು ನನ್ನ ಹೊತ್ತಗೆಯ ನೂರು ಪುಟದಲ್ಲಿಯೂ ಇರಲಿಲ್ಲ.

ಹೊರಗೆ ಬಂದಾಗ ಭಾವನವರು ಹಣ್ಣಿನ ಅಂಗಡಿಯ ಮುಂದೆ ನಿಂತುಬಿಟ್ಟರು. ನಂಜನಗೂಡು ರಸಬಾಳೆಯ ಕಂಪು ಅಂಥದು. ಈ ಸೀಮೆಯ ಲವಣಾಂಶವುಳ್ಳ ಕಪ್ಪು ಮೆಕ್ಕಲುಮಣ್ಣಿನಿಂದಲೇ ಅದಕ್ಕೆ ಆ ರುಚಿ ಬಂದಿದೆಯೆಂದು ಹೇಳುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಹಣ್ಣನ್ನು ಪನಾಮಾ ಸೊರಗುರೋಗವು ಬಹಳ ವಿರಳಮಾಡಿದೆ. "ಒಂದು ಚಿಪ್ಪು ಕೊಳ್ಳೋಣವೆ?" ಎಂದರು. "ವೈದ್ಯರನ್ನು ಕೇಳಿ ಕೊಳ್ಳೋಣ" ಎಂದು ಕೈಹಿಡಿದು ಕರೆತಂದೆನು. ದಾರಿಯಲ್ಲಿ ಹಲ್ಲುಪುಡಿಯ ಪೊಟ್ಟಣಗಳನ್ನು ಕಂಡು ಇಬ್ಬರಿಗೂ ಬಾಲ್ಯ ನೆನಪಾಯಿತು. ಬಿ. ವಿ. ಪಂಡಿತರು 1913ರಲ್ಲಿ ಇಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯಿಲ್ಲದ ಮನೆ ನಮ್ಮ ಕಾಲದ ಮೈಸೂರು ಸೀಮೆಯಲ್ಲಿ ಅಪರೂಪ. ಬಾಯಿಯ ಹುಳಿಯು ನೇರವಾಗಿ ಕೇಡುಮಾಡತಕ್ಕ ಅಂಗವೊಂದಿದ್ದರೆ ಅದು ಹಲ್ಲೇ. ಸಿಹಿ ತಿಂದು ಬಾಯಿ ತೊಳೆಯದಿದ್ದರೆ ಸೂಕ್ಷ್ಮಜೀವಿಗಳು ಆ ಸಿಹಿಯನ್ನು ಹುಳಿಮಾಡುತ್ತವೆ. ಆ ಹುಳಿ ಒಂದು ಮಟ್ಟವನ್ನು ಮೀರಿದರೆ ಹಲ್ಲಿನ ಮೇಲ್ಪದರ ಕರಗತೊಡಗುತ್ತದೆ.

ಪರೀಕ್ಷೆಯ ಫಲ ಬಂದಿತ್ತು. ರಕ್ತದಲ್ಲಿ ಪೊಟ್ಯಾಸಿಯಂ 5.9, ಅದು 5ರ ಆಸುಪಾಸಿನೊಳಗೆ ಇರತಕ್ಕದ್ದು. ವೈದ್ಯರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದರು: "ಯಜಮಾನರೆ, ಎಳನೀರೂ ಬಾಳೆಹಣ್ಣೂ ಒಳ್ಳೆಯವೇ. ಆದರೆ ಒಂದು ಎಳನೀರಿನಲ್ಲಿ ಅರ್ಧ ಗ್ರಾಮಿನಷ್ಟು ಪೊಟ್ಯಾಸಿಯಂ ಇರುತ್ತದೆ. ಗಟ್ಟಿ ಮೂತ್ರಪಿಂಡವಾದರೆ ಅದನ್ನು ಹೊರಗೆ ಹಾಕುತ್ತದೆ, ನಿಮ್ಮದು ಸೋತಿದೆ. ಇನ್ನೂ ಏರಿದ್ದರೆ ಹೃದಯದ ಬಡಿತ ತಪ್ಪುತ್ತಿತ್ತು, ನಿಂತೂ ಹೋಗಬಹುದಾಗಿತ್ತು. ಇನ್ನು ಸೋಡಾ: ಒಂದು ಚಮಚದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ. ದಿನಕ್ಕೆ 2,000ಕ್ಕಿಂತ ಕಡಿಮೆಯಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀವು ಸೋಡಾದಿಂದಲೇ ಅದನ್ನು ಮೀರಿದ್ದೀರಿ. ಕಾಲು ಊದಿದ್ದೂ ಒತ್ತಡ ಏರಿದ್ದೂ ಇದರಿಂದಲೇ."

"ರಕ್ತ ಕ್ಷಾರವಾಯಿತೋ ಇಲ್ಲವೋ?" ಎಂದು ಭಾವನವರು ಬಿಡದೆ ಕೇಳಿದರು.

"ಆಗಲಿಲ್ಲ. ಬದಲಾದದ್ದು ಮೂತ್ರ. ದೇಹ ಬೇಡವೆಂದು ಹೊರಗೆ ಎಸೆದದ್ದನ್ನು ನೀವು ಕಾಗದದಲ್ಲಿ ನೋಡುತ್ತಿದ್ದಿರಿ."

ಆಮೇಲೆ ಅವರು ನಕ್ಕು ಒಂದು ಮಾತು ಸೇರಿಸಿದರು: ಮೂತ್ರಪಿಂಡ ಸೋತ ಕೆಲವರ ರಕ್ತದಲ್ಲಿ ನಿಜವಾಗಿಯೇ ಆಮ್ಲ ಉಳಿದುಕೊಳ್ಳುವುದುಂಟು, ಅಂಥವರಿಗೆ ವೈದ್ಯರೇ ಇದೇ ಸೋಡಾವನ್ನು ಮಾತ್ರೆಯ ರೂಪದಲ್ಲಿ, ರಕ್ತ ನೋಡಿ ಅಳೆದು, ಕೊಡುತ್ತಾರೆ. ಭಾವನವರ ಕಣ್ಣು ಮಿನುಗಿತು. "ನೋಡಿದೆಯಾ? ಪೂರ್ತಿ ಸುಳ್ಳಲ್ಲ!" ಎಂದರು. ಪೂರ್ತಿ ಸುಳ್ಳಾಗಿದ್ದರೆ ಇಷ್ಟು ಅಪಾಯವೂ ಇರುತ್ತಿರಲಿಲ್ಲವೆಂದು ನಾನು ಮನಸ್ಸಿನಲ್ಲಿಯೇ ಅಂದುಕೊಂಡೆನು.

ಇ.ಸಿ.ಜಿ.ಯಲ್ಲಿ ಕೇಡೇನೂ ಕಾಣದ್ದರಿಂದ ಔಷಧ ಕೊಟ್ಟು, ಎಳನೀರು, ಬಾಳೆ, ಸೊಪ್ಪಿನ ರಸ, ಸೋಡಾಗಳನ್ನು ನಿಲ್ಲಿಸಿ, ಹಳೆಯ ಮಾತ್ರೆಗಳನ್ನು ತಾವೇ ನೋಡಿ ಹೊಂದಿಸಿ, ಮೂರು ದಿನದ ಮೇಲೆ ಮತ್ತೆ ಬರಬೇಕೆಂದು ಕಳುಹಿಸಿದರು. ಎರಡು ದಿನಕ್ಕೆಂದು ಬಂದಿದ್ದ ನಾನು ಅಲ್ಲಿಯೇ ನಿಂತೆನು. ನಡುವೆ ಏನಾದರೂ ಆದರೆ ಎಂಬ ಅಳುಕು ರಾತ್ರಿಯೆಲ್ಲ ಇತ್ತು. ಅವರು ನಿದ್ರೆಯಲ್ಲಿ ಮಗ್ಗುಲಾದರೂ ನನಗೆ ಎಚ್ಚರವಾಗುತ್ತಿತ್ತು.

ಆ ದಿನಗಳಲ್ಲಿ ನಮ್ಮ ಮನೆಯ ಪಾಠಶಾಲೆ ನಡೆಯಿತು. ಹತ್ತು ವರ್ಷದ ಮೊಮ್ಮಗಳು ಶಿಷ್ಯೆ. ಅವಳ ನೆವದಲ್ಲಿ ಭಾವನವರೂ. ಆರತಿಯ ಓಕುಳಿಗೆ ಅಕ್ಕ ಅರಿಶಿನದ ನೀರಿಗೆ ಸುಣ್ಣ ಹಾಕುವುದು ಎಲ್ಲರಿಗೂ ಗೊತ್ತಿರುವುದೇ. ಹಳದಿಯ ನೀರು ಕ್ಷಣದಲ್ಲಿ ಕೆಂಪಾಯಿತು. "ಈಗ ನಿಂಬೆ ಹಿಂಡು" ಎಂದೆನು. ಹುಡುಗಿ ಹಿಂಡಿದಳು, ಕೆಂಪು ಹೋಗಿ ಮತ್ತೆ ಹಳದಿ! ಸುಣ್ಣವು ಕ್ಷಾರ, ನಿಂಬೆ ಆಮ್ಲ. ಒಂದು ಮತ್ತೊಂದರ ತೀಕ್ಷ್ಣತೆಯನ್ನು ಕಳೆಯುತ್ತದೆ. ಸುಶ್ರುತಸಂಹಿತೆಯಲ್ಲಿ ಕ್ಷಾರವನ್ನು ಬೇಯಿಸುವ ವಿಧಿಯನ್ನು ಹೇಳಿದ ಮೇಲೆ, ಕ್ಷಾರ ತಗುಲಿ ಸುಟ್ಟ ಜಾಗಕ್ಕೆ ಹುಳಿಯನ್ನು ಹಾಕಿದರೆ ಶಮನವಾಗುವುದು ಹೇಗೆಂಬ ಪ್ರಶ್ನೆಯನ್ನೆತ್ತಿ, ಎರಡೂ ಕೂಡಿದರೆ ತೀಕ್ಷ್ಣತೆಯು ಬಿಟ್ಟು ಮಾಧುರ್ಯ ಬರುವುದೆಂದು ಸಮಾಧಾನ ಕೊಟ್ಟಿದೆ. ಈ ಅಳತೆಗೆ ಅಂಕಿಯನ್ನು ಕೊಟ್ಟವನು ಕೋಪನ್‌ಹೇಗನ್ನಿನ ಸೋರೆನ್ಸನ್ ಎಂಬ ವಿಜ್ಞಾನಿ, 1909ರಲ್ಲಿ. ಅವನ ಪಿ.ಎಚ್. ಮಾನದಲ್ಲಿ 7 ಎಂಬುದು ಸಮ. ಕೆಳಗೆ ಹೋದಷ್ಟೂ ಆಮ್ಲ, ಮೇಲೆ ಹೋದಷ್ಟೂ ಕ್ಷಾರ. ಒಂದೊಂದು ಮೆಟ್ಟಿಲಿಗೆ ಹತ್ತುಪಟ್ಟು ವ್ಯತ್ಯಾಸ. ನಿಂಬೆರಸ 2ರ ಸಮೀಪ, ಮೊಸರು ನಾಲ್ಕೂವರೆ, ಸೋಡಾನೀರು 8ರ ಮೇಲೆ, ಸುಣ್ಣದ ತಿಳಿನೀರು 12ರ ಮೇಲೆ. ಮನುಷ್ಯನ ರಕ್ತ 7.35ರಿಂದ 7.45.

"ಹಾಗಾದರೆ ತಾತನ ರಕ್ತ ಸಮಕ್ಕಿಂತ ಸ್ವಲ್ಪ ಕ್ಷಾರ. ಅವರು ನಿಂಬೆ ಕುಡಿದರೆ ಅದೂ ಬಣ್ಣ ತಿರುಗುತ್ತದೆಯೆ?" ಎಂದು ಹುಡುಗಿ ಕೇಳಿದಳು. ಇಡೀ ಹೊತ್ತಗೆಯ ತಪ್ಪು ಈ ಒಂದು ಪ್ರಶ್ನೆಯಲ್ಲಿದೆ. ಬಟ್ಟಲಿನ ನೀರಿಗೆ ಕಾವಲಿಲ್ಲ. ಬಿದ್ದದ್ದಕ್ಕೆ ತಕ್ಕಂತೆ ತಿರುಗುತ್ತದೆ. ಭಾವನವರ ಗದ್ದೆಗೂ ತನ್ನದೇ ಕಾವಲಿರಲಿಲ್ಲ. ಅವರೇ ಬಸಿಗಾಲುವೆ ತೋಡಬೇಕಾಯಿತು. ರಕ್ತವಾದರೋ ನೀರುಗಂಟಿಯಿರುವ ಕೆರೆ. ಮಳೆ ಹೆಚ್ಚಾದರೆ ಕೋಡಿ ಬಿಡುವವನು, ಕಡಿಮೆಯಾದರೆ ತೂಬು ಮುಚ್ಚುವವನು ಹಗಲಿರುಳೂ ದಡದ ಮೇಲಿದ್ದಾನೆ. ಅಂಥ ನೀರುಗಂಟಿಗಳು ಇಬ್ಬರು: ಶ್ವಾಸಕೋಶ ಮತ್ತು ಮೂತ್ರಪಿಂಡ. ಇವರಲ್ಲದೆ ರಕ್ತದಲ್ಲಿಯೇ ಬೈಕಾರ್ಬೊನೇಟ್ ಮೊದಲಾದ ಲವಣಗಳಿದ್ದು, ಬಂದ ಆಮ್ಲವನ್ನು ಅಲ್ಲಿಯೇ ಹಿಡಿದು ತಡೆಯುತ್ತವೆ.

ಚಾಮುಂಡಿಬೆಟ್ಟದ ಏದುಸಿರಿನ ಅರ್ಥವನ್ನು ಈಗ ಹೇಳುವೆನು. ಓಡುವ ಕಾಲಿನ ಸ್ನಾಯುಗಳು ಆಮ್ಲವನ್ನು ರಕ್ತಕ್ಕೆ ಸುರಿಯುತ್ತವೆ. ಅದನ್ನು ಸರಿದೂಗಿಸಲು ಶ್ವಾಸಕೋಶವು ಇಂಗಾಲಾಮ್ಲ ವಾಯುವನ್ನು ಬಿರುಸಾಗಿ ಹೊರಗೆ ತಳ್ಳುತ್ತದೆ. ನಂದಿಯ ಬಳಿ ಸ್ವಲ್ಪ ಕುಳಿತೆದ್ದರೆ ಎಲ್ಲವೂ ಯಥಾಸ್ಥಿತಿ. ನಮ್ಮ ದೇಹದಲ್ಲಿ ದಿನಕ್ಕೆ ಹುಟ್ಟುವ ಆಮ್ಲದಲ್ಲಿ ಬಹುಪಾಲು ಹೀಗೆ ಉಸಿರಿನಲ್ಲಿಯೇ ಹೋಗುತ್ತದೆ. ಆಹಾರದಿಂದ ಉಳಿದು ಮೂತ್ರದ ಮೂಲಕ ಹೋಗಬೇಕಾದ ಆಮ್ಲವು ಅದರ ಮುಂದೆ ಇನ್ನೂರರಲ್ಲಿ ಒಂದು ಪಾಲಿನಷ್ಟು. ಪ್ರಾಣಾಯಾಮವನ್ನು ತಪ್ಪಾಗಿ, ಅತಿವೇಗವಾಗಿ ಮಾಡಿದವನಿಗೆ ಬೆರಳ ತುದಿ ಜುಮ್ಮೆನ್ನುವುದುಂಟು. ಆಗ ಅವನ ರಕ್ತವು ಕೆಲವು ನಿಮಿಷ ನಿಜವಾಗಿಯೇ ಹೆಚ್ಚು ಕ್ಷಾರವಾಗಿರುತ್ತದೆ. ತಿಂಗಳುಗಟ್ಟಲೆ ಎಳನೀರು ಮಾಡಲಾರದುದನ್ನು ಐದು ನಿಮಿಷದ ಉಸಿರು ಮಾಡುತ್ತದೆ. ಮತ್ತು ಅದು ಹಿತವಲ್ಲ.

ಹೊತ್ತಗೆಯವರಿಗೆ ಈ ಕಲ್ಪನೆ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡನು ಹುಲ್ಲು ತಿನ್ನುವ ಮೊಲಗಳ ಮೂತ್ರವು ಕ್ಷಾರವಾಗಿದ್ದು, ಅವುಗಳನ್ನು ಉಪವಾಸವಿಟ್ಟಾಗಲೂ ಮಾಂಸ ತಿನ್ನಿಸಿದಾಗಲೂ ಆಮ್ಲವಾಗುವುದನ್ನು ಕಂಡನು. ಮುಂದೆ ರಸಾಯನಜ್ಞರು ಆಹಾರಗಳನ್ನು ಸುಟ್ಟು, ಬೂದಿಯು ಆಮ್ಲವನ್ನು ಕೊಡತಕ್ಕದ್ದೇ ಕ್ಷಾರವನ್ನು ಕೊಡತಕ್ಕದ್ದೇ ಎಂದು ವಿಂಗಡಿಸಿದರು. ಇದರಲ್ಲಿ ಸತ್ಯವಿದೆ. ಮಾಂಸ, ಬೇಳೆ, ಧಾನ್ಯಗಳ ಗಂಧಕಾಂಶವು ದೇಹದಲ್ಲಿ ಆಮ್ಲವನ್ನು ಉಳಿಸುತ್ತದೆ; ನಾಲಗೆಗೆ ಹುಳಿಯಾದ ನಿಂಬೆಯಾದರೋ ಒಳಗೆ ಉರಿದುಹೋಗಿ ಕ್ಷಾರವನ್ನು ಬಿಡುತ್ತದೆ. ಆದರೆ ಈ ವ್ಯತ್ಯಾಸವೆಲ್ಲ ಮೂತ್ರದಲ್ಲಿ ಮುಗಿಯುತ್ತದೆ. ಮೂತ್ರದ ಪಿ.ಎಚ್. ನಾಲ್ಕೂವರೆಯಿಂದ 8ರವರೆಗೆ ಏರಿಳಿಯುವುದೇ ರಕ್ತವು ಕದಲದಿರಲೆಂದು. ಧಾನ್ಯ ಬೇಳೆಗಳ ಆಮ್ಲವು ಮೂಳೆಯನ್ನು ಕರಗಿಸುವುದೆಂಬ ಮಾತಿಗೂ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಪರಿಶೀಲನೆಗಳಲ್ಲಿ ಸಮರ್ಥನೆ ದೊರೆಯಲಿಲ್ಲ. ಮುದ್ದೆಯನ್ನು ಬಿಟ್ಟವನು ನೂರು ಗ್ರಾಂ ರಾಗಿಯಲ್ಲಿರುವ ಮುನ್ನೂರು ಮಿಲಿಗ್ರಾಮಿಗೂ ಮೇಲ್ಪಟ್ಟ ಸುಣ್ಣದಂಶವನ್ನು ಸುಮ್ಮನೆ ಕಳೆದುಕೊಂಡಂತಾಯಿತು. ಅರ್ಬುದರೋಗಕ್ಕೂ ಕ್ಷಾರವೇ ಮದ್ದೆಂದು ಸಾರಿ ರೋಗಿಗಳಿಗೆ ಚಿಕಿತ್ಸೆ ಮಾಡಿದವನೊಬ್ಬನನ್ನು ಅಮೆರಿಕದ ಕ್ಯಾಲಿಫೋರ್ನಿಯದ ನ್ಯಾಯಾಲಯವು ಪರವಾನಗಿಯಿಲ್ಲದೆ ವೈದ್ಯ ಮಾಡಿದ್ದಕ್ಕಾಗಿ 2016ರಲ್ಲಿ ಅಪರಾಧಿಯೆಂದು ನಿರ್ಣಯಿಸಿತು.

ರಕ್ತವು ನಿಜವಾಗಿಯೇ ಆಮ್ಲವಾಗುವ ಸಂದರ್ಭಗಳುಂಟು. ಅವು ಊಟದ ವಿಷಯಗಳಲ್ಲ, ಆಸ್ಪತ್ರೆಯ ವಿಷಯಗಳು. ಇನ್ಸುಲಿನ್ ಬೇಕಾದ ಮಧುಮೇಹಿಯು ಅದನ್ನು ನಿಲ್ಲಿಸಿದರೆ ಉಸಿರು ಆಳವಾಗಿ ಬಿರುಸಾಗಿ, ಹಣ್ಣಿನ ವಾಸನೆ ಬಂದು, ವಾಂತಿಯಾಗಿ ಪ್ರಜ್ಞೆ ತಪ್ಪಬಹುದು. ಮೂತ್ರಪಿಂಡಗಳು ಪೂರ್ತಿ ಸೋತಾಗ, ತೀವ್ರ ಭೇದಿಯಾದಾಗ, ಕಳ್ಳಭಟ್ಟಿಯ ವಿಷವೇರಿದಾಗಲೂ ಹೀಗಾಗುವುದು. ಅಲ್ಲಿ ಸೊಪ್ಪಿನ ರಸಕ್ಕೆ ಕೆಲಸವಿಲ್ಲ.

ಎದೆಯುರಿಯ ವಿಷಯ ಬೇರೆ. ಹೊಟ್ಟೆಯ ರಸವು ಹುಳಿಯಾಗಿಯೇ ಇರತಕ್ಕದ್ದು; ಅನ್ನ ಜೀರ್ಣಿಸುವುದಕ್ಕೂ ರೋಗಾಣುಗಳನ್ನು ಕೊಲ್ಲುವುದಕ್ಕೂ ಅದು ಬೇಕು. ಅದು ಇದ್ದಲ್ಲಿರದೆ ಅನ್ನನಾಳಕ್ಕೆ ಏರಿದರೆ ಉರಿ. ಸೋಡಾ ಕುಡಿದರೆ ಗುಳ್ಳೆಯೆದ್ದು ತೇಗು ಬಂದು ಕ್ಷಣ ಹಾಯೆನ್ನಿಸುವುದು ನಿಜ. ಕಾರಣ ಮಾತ್ರ ಇದ್ದಲ್ಲಿಯೇ ಇರುತ್ತದೆ. ಭಾವನವರಿಗೆ ವೈದ್ಯರು ಹೇಳಿದ್ದು ಸುಲಭ: ರಾತ್ರಿಯ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲು, ಅದೂ ಮಿತವಾಗಿ, ಉಂಡೊಡನೆ ಒರಗಬಾರದು, ಮಂಚದ ತಲೆಕಡೆ ನಾಲ್ಕು ಬೆರಳು ಎತ್ತರಿಸಬೇಕು, ಹೊಗೆಸೊಪ್ಪು ಬಿಡಬೇಕು. ನುಂಗಲು ಕಷ್ಟವಾದರೆ, ಮಲ ಕಪ್ಪಾದರೆ, ತೂಕ ಕಾರಣವಿಲ್ಲದೆ ಇಳಿದರೆ ತಡಮಾಡದೆ ಬರಬೇಕು.

ಹೊತ್ತಗೆಯ ಮೇಲೆ ನನಗೆ ದ್ವೇಷವಿಲ್ಲ. ಸೊಪ್ಪು, ತರಕಾರಿ, ಹಣ್ಣುಗಳನ್ನು ಹೆಚ್ಚಾಗಿ ತಿನ್ನಿರೆಂಬ ಅದರ ಮಾತು ಬಹುಜನರಿಗೆ ಹಿತವೇ. ರಕ್ತದೊತ್ತಡಕ್ಕೂ ಮಲಶುದ್ಧಿಗೂ ಒಳ್ಳೆಯದು. ಮೂತ್ರದ ಕಲ್ಲುಗಳಲ್ಲಿ ಒಂದು ಜಾತಿಯವು ಮೂತ್ರವು ಕ್ಷಾರವಾದರೆ ಕರಗುವುದೂ ಉಂಟು. ಮತ್ತೊಂದು ಜಾತಿಯವು ಅದರಿಂದಲೇ ಬೆಳೆಯುವುದೂ ಉಂಟು. ಉಪದೇಶ ಸರಿಯಾಗಿದ್ದು ಕಾರಣ ತಪ್ಪಾದರೆ ಏನು ನಷ್ಟವೆಂದು ಕೇಳುವವರಿದ್ದಾರೆ. ನಾನೂ ಹಾಗೆಯೇ ಭಾವಿಸಿದ್ದೆನು. ಆದರೆ ಕಾರಣ ತಪ್ಪಿದರೆ ಅಳತೆ ತಪ್ಪುತ್ತದೆ. ಹಣ್ಣು ಒಳ್ಳೆಯದೆಂದು ತಿಳಿದವನು ಎರಡು ತಿಂದು ಏಳುತ್ತಾನೆ. ಅದು ರಕ್ತವನ್ನು ಶುದ್ಧಿಮಾಡುವುದೆಂದು ನಂಬಿದವನು ಎಂಟು ತಿಂದು ಔಷಧವನ್ನು ಗೂಡಿನಲ್ಲಿಡುತ್ತಾನೆ.

ಮೂರು ದಿನದ ಮೇಲೆ ಮತ್ತೆ ಪರೀಕ್ಷೆಯಾಯಿತು, ಪೊಟ್ಯಾಸಿಯಂ 5.0ಕ್ಕೆ ಇಳಿದಿತ್ತು. ಪಾದದ ಊತವೂ ಅರ್ಧ ಇಳಿದಿತ್ತು. ಆ ಮಧ್ಯಾಹ್ನ ಅಕ್ಕ ವೈದ್ಯರು ಹೇಳಿದ ಅಳತೆಯಲ್ಲಿ ಉಪ್ಪು ಹಾಕಿ, ತರಕಾರಿಯನ್ನು ಬೇಯಿಸಿ ನೀರು ಬಸಿದು, ಹುಳಿ ಮಾಡಿದಳು. ಚಿಕ್ಕದೊಂದು ಮುದ್ದೆ ಕಟ್ಟಿದಳು. ಭಾವನವರು ಮೊದಲ ತುತ್ತು ನುಂಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಕ್ಕ ಒಳಗೆ ಹೋಗಿ ಸೆರಗಿನಿಂದ ಕಣ್ಣೊರಸಿಕೊಂಡದ್ದನ್ನು ನಾನು ನೋಡಿದೆನು. ಕ್ಷಮಿಸೆಂದು ಅವಳನ್ನು ಕೇಳಬೇಕೆಂದಿದ್ದೆನು, ಬಾಯಿ ಬರಲಿಲ್ಲ. ಅವಳೇ ನನ್ನ ಎಲೆಗೆ ಇನ್ನೊಂದು ಸೌಟು ಹುಳಿ ಬಡಿಸಿದಳು.

ಸಂಜೆ ಭಾವನವರು ನಿಲ್ದಾಣದವರೆಗೆ ಬರುವೆನೆಂದು ಹಟಮಾಡಿದರು. ನಾನು ಬೇಡವೆಂದೆನು, ಜಗುಲಿಯವರೆಗೆ ಬಂದರು. ಆ ಕಿರುಹೊತ್ತಗೆಯನ್ನು ನನ್ನ ಚೀಲಕ್ಕೆ ತಾವೇ ಹಾಕಿ ಹೇಳಿದರು:

"ಮೇಷ್ಟ್ರೆ, ಮುಂದಿನ ಸಲವೂ ಪುಸ್ತಕ ತನ್ನಿ, ಓದುವುದಕ್ಕೆ ನನಗೆ ಇಷ್ಟವೇ. ಆದರೆ ಕೊನೆಯ ಪುಟದವರೆಗೆ ಮೊದಲು ನೀವು ಓದಿ."